ಫ್ರಿಕೊ: ಇಟಲಿಯ ಗುಡ್ಡಗಾಡು ರೈತರ ಆಲೂಗೆಡ್ಡೆ–ಚೀಸ್ ಅಡಿಗೆ

ಇಟಲಿ ದೇಶದ ಈಶಾನ್ಯ ಮೂಲೆಯಲ್ಲಿ, ಆಸ್ಟ್ರಿಯ ಮತ್ತು ಸ್ಲೊವೇನಿಯ ದೇಶಗಳ ಗಡಿಗೆ ಹೊಂದಿಕೊಂಡು ಫ್ರಿಯೂಲಿ ಎಂಬ ಸೀಮೆಯಿದೆ. ಇದರ ಉತ್ತರ ಭಾಗ ಆಲ್ಪ್ಸ್ ಪರ್ವತಶ್ರೇಣಿಗೆ ಸೇರಿದ ಗುಡ್ಡಗಾಡು. ಚಳಿಗಾಲದಲ್ಲಿ ಹಿಮ ಬೀಳುವ ಈ ಪ್ರದೇಶದಲ್ಲಿ ಹಿಡುವಳಿಗಳು ಚಿಕ್ಕವು, ಉಳುವ ನೆಲ ಕಡಿಮೆ, ಹುಲ್ಲುಗಾವಲು ಹೆಚ್ಚು. ಒಂದೆರಡು ಹಸು ಸಾಕಿ, ಮನೆಯ ಪಕ್ಕದ ಚೂರು ಭೂಮಿಯಲ್ಲಿ ಆಲೂಗೆಡ್ಡೆ ಬೆಳೆದುಕೊಂಡು ಜೀವನ ಸಾಗಿಸುತ್ತಿದ್ದ ಇಲ್ಲಿಯ ರೈತ ಕುಟುಂಬಗಳ ಅಡಿಗೆಯೇ 'ಫ್ರಿಕೊ'. ಆಲೂಗೆಡ್ಡೆಯನ್ನು ಬೇಯಿಸಿ, ಅದರೊಡನೆ ಚೀಸ್ ಕರಗಿಸಿ, ಎರಡನ್ನೂ ದಪ್ಪ ರೊಟ್ಟಿಯಂತೆ ಬಾಣಲೆಯಲ್ಲಿ ಕೆಂಪಗೆ ಕಾಯಿಸಿದರೆ ಫ್ರಿಕೊ ಸಿದ್ಧವಾಗುತ್ತದೆ. ಹೊರಗೆ ಗರಿಗರಿಯಾದ ಹೊದಿಕೆ, ಒಳಗೆ ಮೆತ್ತನೆಯ ತಿರುಳು ಇರುವುದು ಇದರ ಲಕ್ಷಣ.

ಕೇಳಲು ಸುಲಭವಾಗಿ ಕಾಣುವ ಈ ಅಡಿಗೆ ಕೈಗೆ ಹತ್ತದಿರುವುದೂ ಉಂಟು. ಚೀಸ್ ಎಂಬ ಪದಾರ್ಥ ಬಿಸಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆಯೇ. ಆದುದರಿಂದ ಮಾಡುವ ವಿಧಾನಕ್ಕೆ ಮೊದಲು ಆ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು. ಕೆಲವು ನಿಘಂಟುಗಳಲ್ಲಿ ಚೀಸ್ ಎಂಬುದಕ್ಕೆ 'ಗಿಣ್ಣು' ಎಂದು ಕೊಟ್ಟಿರುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೆಲ್ಲದೊಡನೆ ಕಾಯಿಸಿದ ತಿನಿಸು. ಎರಡಕ್ಕೂ ಸಂಬಂಧವಿಲ್ಲ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಚೀಸ್ ಎಂದೇ ಬರೆಯಲಾಗಿದೆ.

ಕತ್ತರಿಸಿ ಉಳಿದ ಚೂರುಗಳ ಅಡಿಗೆ

ಫ್ರಿಕೊಗೆ ಬಳಸುವ ಚೀಸ್‌ನ ಹೆಸರು ಮೊಂತಾಸಿಯೊ. ಆ ಸೀಮೆಯ ಒಂದು ಪರ್ವತದ ಹೆಸರೇ ಇದಕ್ಕೆ ಬಂದಿದೆ. 13ನೇ ಶತಮಾನದಲ್ಲಿ ಮೊಜ್ಜೊ ಎಂಬಲ್ಲಿಯ ಕ್ರೈಸ್ತ ಮಠದ ಸನ್ಯಾಸಿಗಳು ಇದನ್ನು ಮಾಡುವ ಕ್ರಮವನ್ನು ರೂಢಿಗೆ ತಂದರೆಂದು ಅಲ್ಲಿಯವರು ಹೇಳುತ್ತಾರೆ. ಹಸುವಿನ ಹಾಲನ್ನು ಸುಮಾರು 32ರಿಂದ 36 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ರೆನೆಟ್ ಹಾಕಿ ಹೆಪ್ಪುಗಟ್ಟಿಸಿ, ಆ ಗಡ್ಡೆಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, 42ರಿಂದ 48 ಡಿಗ್ರಿಯವರೆಗೆ ಕಾಯಿಸಿ, ತಿಳಿನೀರನ್ನು ಬಸಿದು, ಅಚ್ಚಿನಲ್ಲಿ ಒತ್ತಿ, ಉಪ್ಪು ಹಿಡಿಸಿ ಮಾಗಲು ಇಡುತ್ತಾರೆ. ಒಂದೊಂದು ಬಿಲ್ಲೆ 6ರಿಂದ 8 ಕಿಲೊ ತೂಗುತ್ತದೆ. ಕನಿಷ್ಠ 60 ದಿನ ಮಾಗಿದ ಮೇಲೆಯೇ ಮಾರಾಟಕ್ಕೆ ಬರುತ್ತದೆ. ಹತ್ತು ತಿಂಗಳು, ಒಂದೂವರೆ ವರ್ಷ ಮಾಗಿಸಿದ ಬಿಲ್ಲೆಗಳೂ ಇವೆ. ಈ ಹೆಸರನ್ನು ಆ ಪ್ರದೇಶದವರಲ್ಲದೆ ಬೇರೆಯವರು ಬಳಸದಂತೆ ಇಟಲಿ ಸರಕಾರ 1986ರಲ್ಲಿಯೂ, ಯುರೋಪಿನ ಒಕ್ಕೂಟ 1996ರಲ್ಲಿಯೂ ಕಾನೂನಿನ ರಕ್ಷಣೆ ಕೊಟ್ಟಿವೆ.

ಹಳ್ಳಿಗಳಲ್ಲಿ ಚೀಸ್ ತಯಾರಿಕೆ ನಡೆಯುತ್ತಿದ್ದ ರೀತಿ ನಮ್ಮ ಹಾಲು ಸಹಕಾರ ಸಂಘಗಳ ಸದಸ್ಯರಿಗೆ ಆಸಕ್ತಿ ಹುಟ್ಟಿಸುವಂಥದು. ಒಂದೆರಡು ಹಸು ಇದ್ದವನಿಗೆ ದಿನಕ್ಕೆ ಸಿಗುವ ಐದಾರು ಲೀಟರು ಹಾಲಿನಿಂದ ದೊಡ್ಡ ಬಿಲ್ಲೆ ಮಾಡಲಾಗುವುದಿಲ್ಲ. ದಿನದಿನದ ಹಾಲು ಕೂಡಿಡಲೂ ಆಗುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯವೇ ಸರದಿ ಡೇರಿ. ಊರವರೆಲ್ಲ ತಮ್ಮ ತಮ್ಮ ಹಾಲನ್ನು ಒಂದೇ ಕಡೆ ತಂದು ಸುರಿಯುತ್ತಿದ್ದರು. ಯಾರ ಹಾಲು ಎಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ದಿನದ ಒಟ್ಟು ಹಾಲಿನ ಚೀಸ್ ಒಬ್ಬನಿಗೆ, ಮರುದಿನದ್ದು ಇನ್ನೊಬ್ಬನಿಗೆ. ಹೆಚ್ಚು ಹಾಲು ಹಾಕಿದವನಿಗೆ ಸರದಿ ಬೇಗ ಬೇಗ ಬರುತ್ತಿತ್ತು. ಸರದಿ ಬಂದವನು ಒಲೆಗೆ ಸೌದೆ ತಂದುಕೊಟ್ಟು, ಚೀಸ್ ಮಾಡುವ ಕಸಬುದಾರನಿಗೆ ದಿನವಿಡೀ ನೆರವಾಗಬೇಕಿತ್ತು. ನಮ್ಮಲ್ಲಿಯ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದರ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರಿಯೂಲಿಯಲ್ಲಿ ಹಾಲಿನ ಮೊದಲ ಸಂಘ 1880ರಲ್ಲಿ ಕೊಲ್ಲೀನ ಎಂಬ ಬೆಟ್ಟದ ಹಳ್ಳಿಯಲ್ಲಿ, ಒಬ್ಬ ಶಾಲಾ ಮಾಸ್ತರರ ಪ್ರಯತ್ನದಿಂದ ಆರಂಭವಾಯಿತು. ಅನಂತರ ಹಳ್ಳಿಹಳ್ಳಿಗಳಿಗೂ ಹರಡಿದ ಈ ಪದ್ಧತಿ, ದೊಡ್ಡ ಡೇರಿಗಳು ಬಂದ ಮೇಲೆ ಬಹುಮಟ್ಟಿಗೆ ನಿಂತುಹೋಯಿತು.

ಹೊಸ ಗಡ್ಡೆಯನ್ನು ಅಚ್ಚಿಗೆ ತುಂಬಿ ಒತ್ತಿದಾಗ ಅಂಚುಗಳಿಂದ ಸ್ವಲ್ಪ ಚೀಸ್ ಹೊರಗೆ ಉಕ್ಕಿ ಬರುತ್ತದೆ. ಬಿಲ್ಲೆ ನೇರ್ಪಾಗಿ ಕಾಣಲೆಂದು ಈ ಅಂಚನ್ನು ಕತ್ತರಿಸಿ ತೆಗೆಯುತ್ತಾರೆ. ಈ ಪಟ್ಟಿಗಳಿಗೆ ಅಲ್ಲಿಯ ಭಾಷೆಯಲ್ಲಿ 'ಸ್ತ್ರಿಸ್ಸುಲಿಸ್' ಎಂದು ಹೆಸರು. ಬಿಲ್ಲೆಯನ್ನು ಪೇಟೆಗೆ ಕಳಿಸಿ ಉಪ್ಪು, ಬಟ್ಟೆ, ಕಂದಾಯಗಳಿಗೆ ಹಣ ಮಾಡಿಕೊಳ್ಳಬೇಕಾಗಿದ್ದ ರೈತನ ಮನೆಯವರಿಗೆ ತಿನ್ನಲು ಉಳಿಯುತ್ತಿದ್ದದ್ದು ಈ ಚೂರುಗಳು ಮತ್ತು ಒಡೆದೋ ಬಿರುಕುಬಿಟ್ಟೋ ಮಾರಾಟವಾಗದ ತುಂಡುಗಳು. ಅವನ್ನು ಆಲೂಗೆಡ್ಡೆಯೊಡನೆ ಸೇರಿಸಿ ಹಿಗ್ಗಿಸಿದರೆ ಇಡೀ ಸಂಸಾರದ ಹೊಟ್ಟೆ ತುಂಬುತ್ತಿತ್ತು. ಹೊಲಕ್ಕೆ, ಕಾಡಿಗೆ ಹೋಗುವವರಿಗೆ ಇದೇ ಬುತ್ತಿ.

ಚೀಸನ್ನು ಬಾಣಲೆಯಲ್ಲಿ ಕಾಯಿಸಿ ತಿನ್ನುವ ಪದ್ಧತಿ ಆಲೂಗೆಡ್ಡೆಗಿಂತ ಬಹಳ ಹಳೆಯದು. ಅಕ್ವಿಲೇಯದ ಧರ್ಮಾಧಿಕಾರಿಯ ಅಡಿಗೆಯವನಾಗಿದ್ದ ಮಾರ್ತಿನೊ ಎಂಬವನು 15ನೇ ಶತಮಾನದಲ್ಲಿ ಬರೆದ ಪಾಕಗ್ರಂಥದಲ್ಲಿ ಇಂಥ ಅಡಿಗೆಯೊಂದಿದೆ. ಆಗ ಯುರೋಪಿಗೆ ಆಲೂಗೆಡ್ಡೆಯೇ ಬಂದಿರಲಿಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ. ಇಂದಿಗೂ ಆಲೂಗೆಡ್ಡೆ ಹಾಕದೆ, ಬರಿಯ ಚೀಸ್ ತುರಿಯನ್ನು ತೆಳುವಾಗಿ ಹರಡಿ, ಹಪ್ಪಳದಂತೆ ಗರಿಗರಿ ಮಾಡುವ ಇನ್ನೊಂದು ಬಗೆಯ ಫ್ರಿಕೊ ಅಲ್ಲಿ ಬಳಕೆಯಲ್ಲಿದೆ.

ಪೊಲೆಂತ ಮತ್ತು ಪೆಲ್ಲಾಗ್ರ ರೋಗ

ಫ್ರಿಕೊವನ್ನು ಪೊಲೆಂತದ ಜೊತೆ ತಿನ್ನುವುದು ವಾಡಿಕೆ. ಪೊಲೆಂತ ಎಂದರೆ ಮುಸುಕಿನ ಜೋಳದ ತರಿಯನ್ನು ಕುದಿಯುವ ನೀರಿಗೆ ಸುರಿದು, ಮುಕ್ಕಾಲು ಗಂಟೆ ಬಿಡದೆ ತಿರುವಿ ಮಾಡಿದ ಗಟ್ಟಿ ಅಂಬಲಿ. ಮಣೆಯ ಮೇಲೆ ಸುರಿದು ದಾರದಿಂದ ಕತ್ತರಿಸುತ್ತಾರೆ. ನಮ್ಮ ಮುದ್ದೆಗೆ ಇದು ದಾಯಾದಿ ಎನ್ನಬಹುದು.

18 ಮತ್ತು 19ನೇ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ಕೂಲಿಕಾರರು ಮೂರು ಹೊತ್ತೂ ಬರಿಯ ಪೊಲೆಂತ ತಿಂದು ಬದುಕುತ್ತಿದ್ದರು. ಇವರಲ್ಲಿ ಪೆಲ್ಲಾಗ್ರ ಎಂಬ ಭಯಂಕರ ರೋಗ ಹಬ್ಬಿತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ಇದರ ಚಿಹ್ನೆಗಳು. ಫ್ರಿಯೂಲಿಯ ಬಯಲುಸೀಮೆಯೂ ಇದರಿಂದ ಬಹಳ ನರಳಿತು. ಮುಸುಕಿನ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ದೇಹವು ತಾನೇ ನಯಾಸಿನ್ ತಯಾರಿಸಿಕೊಳ್ಳಲು ಬೇಕಾದ ಟ್ರಿಪ್ಟೊಫ್ಯಾನ್ ಕೂಡ ಅದರಲ್ಲಿ ಕಡಿಮೆ. ಈ ರೋಗಕ್ಕೂ ನಯಾಸಿನ್‌ಗೂ ಇರುವ ಸಂಬಂಧ ಸ್ಪಷ್ಟವಾದದ್ದು 1937ರಲ್ಲಿ. ಮೆಕ್ಸಿಕೊದ ಮೂಲನಿವಾಸಿಗಳು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ತಿನ್ನುತ್ತಿದ್ದುದರಿಂದ ಅವರಿಗೆ ಈ ತೊಂದರೆ ಇರಲಿಲ್ಲ. ಯುರೋಪಿನವರು ಬೀಜವನ್ನು ತಂದರು, ಬೇಯಿಸುವ ಕ್ರಮವನ್ನು ತರಲಿಲ್ಲ.

ಹಾಲು ಮತ್ತು ಚೀಸ್‌ನಲ್ಲಿ ಟ್ರಿಪ್ಟೊಫ್ಯಾನ್ ಚೆನ್ನಾಗಿದೆ. ಆದುದರಿಂದ ಪೊಲೆಂತದ ಪಕ್ಕದಲ್ಲಿ ಒಂದು ತುಂಡು ಫ್ರಿಕೊ ಇದ್ದ ಮನೆಗೂ ಇಲ್ಲದ ಮನೆಗೂ ಇದ್ದ ವ್ಯತ್ಯಾಸ ಬರಿಯ ರುಚಿಯದಲ್ಲ. ಇದು ದೂರದ ದೇಶದ ಕಥೆಯೆಂದು ಭಾವಿಸಬೇಕಾಗಿಲ್ಲ. ದಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳವನ್ನೇ ಹೆಚ್ಚಾಗಿ ತಿನ್ನುವ ಬಡವರಲ್ಲಿ ಇದೇ ರೋಗ ಇರುವುದನ್ನು ಹೈದರಾಬಾದಿನ ಸಂಶೋಧಕರಾದ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ಪ್ರಕಟಿಸಿದರು. ರೊಟ್ಟಿಯ ಜೊತೆ ಬೇಳೆ, ಶೇಂಗಾ ಚಟ್ನಿ, ಮೊಸರು ಇರಬೇಕೆಂದು ಗೃಹವಿಜ್ಞಾನದ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಒತ್ತಿ ಹೇಳುವುದರ ಹಿಂದೆ ಇರುವ ತತ್ವವೂ ಇದೇ.

ಯಾವ ಚೀಸ್ ಕರಗುತ್ತದೆ?

ಹಾಲಿನ ಮುಖ್ಯ ಸಸಾರಜನಕಕ್ಕೆ ಕೇಸೀನ್ ಎಂದು ಹೆಸರು. ರೆನೆಟ್ ಹಾಕಿ ಹೆಪ್ಪುಗಟ್ಟಿಸಿದಾಗ ಕೇಸೀನ್ ಕಣಗಳು ಸುಣ್ಣದ ಅಂಶದ ನೆರವಿನಿಂದ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಜಿಡ್ಡು ಮತ್ತು ನೀರು ಈ ಬಲೆಯೊಳಗೆ ಸಿಕ್ಕಿಕೊಂಡಿರುತ್ತವೆ. ಬಿಸಿ ತಗುಲಿದಾಗ ಜಿಡ್ಡು ಕರಗಿ, ಬಲೆ ಸಡಿಲವಾಗಿ, ಚೀಸ್ ಹರಿಯತೊಡಗುತ್ತದೆ. ಎಳೆಯ ಚೀಸ್‌ನಲ್ಲಿ ಬಲೆ ಗಟ್ಟಿ. ಆದ್ದರಿಂದ ಅದು ನೂಲಿನಂತೆ ಎಳೆಯುತ್ತದೆ. ಮಾಗಿದ ಚೀಸ್‌ನಲ್ಲಿ ಸಸಾರಜನಕ ತುಂಡಾಗಿರುವುದರಿಂದ ಎಳೆ ಬರುವುದಿಲ್ಲ, ಜಿಡ್ಡು ಬೇಗ ಹೊರಬೀಳುತ್ತದೆ, ಆದರೆ ರುಚಿ ಹೆಚ್ಚು. ಫ್ರಿಯೂಲಿಯ ಗೃಹಿಣಿಯರು ಎಳೆಯದು, ಮಾಗಿದ್ದು ಎರಡನ್ನೂ ಕಲಸಿ ಹಾಕುವುದು ಈ ಕಾರಣದಿಂದಲೇ. ಎಳೆಯದು ಅಂಟು ಕೊಡುತ್ತದೆ, ಮಾಗಿದ್ದು ರುಚಿಯನ್ನೂ ಕೆಂಪು ಹೊದಿಕೆಯನ್ನೂ ಕೊಡುತ್ತದೆ.

ನಮ್ಮ ಪನೀರು ಇದಕ್ಕೆ ಒದಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ, ಏಕೆಂದರೆ ಚೀಸ್ ಎಂದು ಬರೆದ ಕಡೆಯಲ್ಲೆಲ್ಲ ಪನೀರು ಹಾಕಬಹುದೆಂಬ ಭಾವನೆ ಸಾಮಾನ್ಯವಾಗಿದೆ. ಪನೀರು ಮಾಡುವಾಗ ಹಾಲನ್ನು ಹೆಚ್ಚುಕಡಿಮೆ ಕುದಿಯುವಷ್ಟು ಕಾಯಿಸಿ ನಿಂಬೆರಸದಂಥ ಹುಳಿಯಿಂದ ಒಡೆಸುತ್ತೇವೆ. ಅಷ್ಟು ಬಿಸಿಗೆ ತಿಳಿನೀರಿನ ಸಸಾರಜನಕಗಳೂ ಕೇಸೀನ್‌ಗೆ ಅಂಟಿಕೊಳ್ಳುತ್ತವೆ. ಹುಳಿಯಿಂದಾಗಿ ಸುಣ್ಣದ ಅಂಶದ ಬಹುಭಾಗ ನೀರಿಗೆ ಇಳಿದುಹೋಗುತ್ತದೆ. ಹೀಗೆ ಆದ ಗಡ್ಡೆ ಎಷ್ಟು ಕಾಯಿಸಿದರೂ ಹರಿಯುವುದಿಲ್ಲ. ಪಲ್ಯಕ್ಕೆ, ಸಾರಿಗೆ ತುಂಡು ತುಂಡಾಗಿ ಹಾಕಲು ಇದು ಒಳ್ಳೆಯ ಗುಣ. ಫ್ರಿಕೊದಲ್ಲಿ ಮಾತ್ರ ಪನೀರು ಹಾಕಿದರೆ ಆಲೂಗೆಡ್ಡೆ ಒಂದು ಕಡೆ, ಪನೀರು ಇನ್ನೊಂದು ಕಡೆ ಉಳಿದು ರೊಟ್ಟಿ ಕೂಡಿಕೊಳ್ಳುವುದಿಲ್ಲ.

ಅಂಗಡಿಗಳಲ್ಲಿ ಡಬ್ಬಿ, ಕ್ಯೂಬು, ಸ್ಲೈಸುಗಳಾಗಿ ಸಿಗುವ ಸಂಸ್ಕರಿಸಿದ ಚೀಸ್‌ಗೆ ವಿಶೇಷ ಲವಣಗಳನ್ನು ಸೇರಿಸಿರುವುದರಿಂದ ಅದು ನುಣ್ಣಗೆ ಕರಗುತ್ತದೆ. ಆದರೆ ಗರಿಯಾದ ಹೊದಿಕೆ ಚೆನ್ನಾಗಿ ಕಟ್ಟುವುದಿಲ್ಲ, ಉಪ್ಪೂ ಹೆಚ್ಚು. ಮೊಂತಾಸಿಯೊ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಅದರ ಬದಲಿಗೆ ಸಂಸ್ಕರಿಸದ ಚೆಡ್ಡಾರ್ ಅಥವಾ ಗೌಡ ಎರಡು ಪಾಲು, ಮೊಜಾರೆಲ್ಲ ಒಂದು ಪಾಲು ಸೇರಿಸಿದರೆ ಬಹುಮಟ್ಟಿಗೆ ಸರಿಹೊಂದುತ್ತದೆ. ಬರಿಯ ಮೊಜಾರೆಲ್ಲ ನೀರು ಬಿಡುತ್ತದೆ, ಸಪ್ಪೆಯೂ ಹೌದು.

ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಸಂಪ್ರದಾಯದ ರೆನೆಟ್ ತೆಗೆಯುವುದು ಕೊಂದ ಎಳೆಗರುವಿನ ಹೊಟ್ಟೆಯಿಂದ. ಇಟಲಿಯ ಮೊಂತಾಸಿಯೊವನ್ನೂ ಕರುವಿನ ರೆನೆಟ್‌ನಿಂದಲೇ ಮಾಡುತ್ತಾರೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಕೂಡ ಬಳಕೆಯಲ್ಲಿದ್ದು, ನಮ್ಮ ದೇಶದಲ್ಲಿ ಹಸಿರು ಚುಕ್ಕೆ ಇರುವ ಚೀಸನ್ನು ಅಂಥದರಿಂದ ಮಾಡಿರುತ್ತಾರೆ. ಕೊಳ್ಳುವಾಗ ಈ ಚುಕ್ಕೆಯನ್ನು ನೋಡಿ ಕೊಳ್ಳಬೇಕು.

ಆಲೂಗೆಡ್ಡೆಯ ಆಯ್ಕೆ

ಚೆನ್ನಾಗಿ ಬಲಿತ, ಸಿಪ್ಪೆ ಗಟ್ಟಿಯಾದ, ಬೇಯಿಸಿದರೆ ಹಿಟ್ಟಾಗುವ ಗೆಡ್ಡೆ ಉತ್ತಮ. ಸಿಪ್ಪೆ ಉಜ್ಜಿದರೆ ಸುಲಿಯುವ ಎಳೆಯ ಗೆಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಶೀತಲಗೃಹದಿಂದ ಆಗತಾನೆ ತಂದ ಗೆಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಬದಲಾಗಿರುತ್ತದೆ. ಅದು ಸಿಹಿಯಾಗಿರುವುದಲ್ಲದೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಅಂಥ ಗೆಡ್ಡೆಯನ್ನು ಎರಡು ವಾರ ಮನೆಯ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಟ್ಟು ಬಳಸುವುದು ಒಳ್ಳೆಯದು. ಬೆಳಕು ಬೀಳದಂತೆ ಗೋಣಿಚೀಲ ಹೊದಿಸಬೇಕು. ಹಸಿರು ತಿರುಗಿದ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಆಳವಾಗಿ ಕೆತ್ತಿ ತೆಗೆಯಬೇಕು. ಹೆಚ್ಚು ಹಸಿರಾಗಿದ್ದರೆ ಗೆಡ್ಡೆಯನ್ನೇ ಎಸೆಯಬೇಕು. ಅದರಲ್ಲಿರುವ ಸೊಲನೀನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ.

ಮಾಡುವ ವಿಧಾನ

ನಾಲ್ಕು ಜನರಿಗೆ ಬೇಕಾಗುವ ಸಾಮಾನುಗಳು:
ಆಲೂಗೆಡ್ಡೆ – 500 ಗ್ರಾಂ
ಚೀಸ್ (ಎರಡು ಬಗೆ ಸೇರಿ) – 350 ಗ್ರಾಂ
ಈರುಳ್ಳಿ – ಮಧ್ಯಮ ಗಾತ್ರದ್ದು 1
ಬೆಣ್ಣೆ ಅಥವಾ ಎಣ್ಣೆ – 1 ದೊಡ್ಡ ಚಮಚ
ಮೆಣಸಿನ ಪುಡಿ (ಕರಿಮೆಣಸು) – ಕಾಲು ಚಹಾ ಚಮಚ
ಉಪ್ಪು – ಒಂದು ಚಿಟಿಕೆ

ಚೀಸ್‌ನಲ್ಲಿಯೇ ಉಪ್ಪಿರುವುದರಿಂದ ಉಪ್ಪನ್ನು ಎಚ್ಚರಿಕೆಯಿಂದ ಹಾಕಬೇಕು. ಈರುಳ್ಳಿ ಹಾಕಬೇಕೇ ಬೇಡವೇ ಎಂಬುದು ಫ್ರಿಯೂಲಿಯಲ್ಲಿಯೇ ತೀರದ ಜಗಳ. ಒಂದು ಕಣಿವೆಯವರು ಹಾಕುವುದನ್ನು ಇನ್ನೊಂದು ಕಣಿವೆಯವರು ಒಪ್ಪುವುದಿಲ್ಲ. ಹಾಕಿದರೆ ಆಲೂಗೆಡ್ಡೆಯ ಸಪ್ಪೆತನ ಹೋಗುತ್ತದೆಂಬುದು ನಮ್ಮ ಅಭಿಪ್ರಾಯ.

ತಳ ದಪ್ಪವಾಗಿರುವ, ಸುಮಾರು ಒಂದು ಗೇಣು ಅಗಲದ ಬಾಣಲೆಯನ್ನು ಆರಿಸಿಕೊಳ್ಳಿ. ಚೆನ್ನಾಗಿ ಪಳಗಿದ ಕಬ್ಬಿಣದ್ದಾದರೆ ಬಲು ಉತ್ತಮ. ಅಂಟದಂತೆ ಲೇಪ ಕೊಟ್ಟ ಬಾಣಲೆಯೂ ಆದೀತು. ತೆಳು ಅಲ್ಯೂಮಿನಿಯಂ ಪಾತ್ರೆ ಬೇಡ, ತಳ ಹಿಡಿಯುತ್ತದೆ.

ಆಲೂಗೆಡ್ಡೆಯನ್ನು ತೊಳೆದು ಸಿಪ್ಪೆ ತೆಗೆದು ದಪ್ಪ ತುರಿಯಾಗಿ ತುರಿಯಿರಿ. ತುರಿದ ಮೇಲೆ ತೊಳೆಯಬಾರದು. ಮೇಲಿನ ಪಿಷ್ಟವೇ ರೊಟ್ಟಿಯನ್ನು ಹಿಡಿದಿಡುವ ಅಂಟು. ತೊಳೆದರೆ ಅದೆಲ್ಲ ನೀರಿನ ಪಾಲಾಗುತ್ತದೆ. ಚೀಸನ್ನೂ ತುರಿದು ಅಥವಾ ಕಡಲೆಕಾಳಿನಷ್ಟು ಚೂರು ಮಾಡಿ ಬೇರೆ ಇಟ್ಟುಕೊಳ್ಳಿ. ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಬಣ್ಣ ಬಾರದಂತೆ ಬಾಡಿಸಿ. ಆಲೂಗೆಡ್ಡೆ ತುರಿ, ಉಪ್ಪು, ಎರಡು ಮೂರು ಚಮಚ ನೀರು ಸೇರಿಸಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ನಡುನಡುವೆ ಕೈಯಾಡಿಸುತ್ತಿರಬೇಕು. ಬೆರಳಿನಲ್ಲಿ ಒತ್ತಿದರೆ ತುರಿ ಹಿಸುಕಿಹೋಗುವಷ್ಟು ಬೆಂದಿರಬೇಕು. ಚೀಸ್ ಬಿದ್ದ ಮೇಲೆ ಆಲೂಗೆಡ್ಡೆ ಮತ್ತೆ ಹೆಚ್ಚು ಬೇಯುವುದಿಲ್ಲ. ಆದುದರಿಂದ ಇಲ್ಲಿ ಅವಸರ ಮಾಡಬಾರದು. ಮುಚ್ಚಳ ತೆಗೆದು ಉಳಿದ ನೀರು ಆರುವವರೆಗೆ ಬಿಡಿ.

ಈಗ ಚೀಸ್ ಮತ್ತು ಮೆಣಸಿನ ಪುಡಿ ಹಾಕಿ, ಉರಿ ಸಣ್ಣಗಿಟ್ಟುಕೊಂಡೇ ಮರದ ಕೈಯಿಂದ ಮಗುಚುತ್ತಿರಿ. ನಾಲ್ಕೈದು ನಿಮಿಷಗಳಲ್ಲಿ ಚೀಸ್ ಕರಗಿ, ಆಲೂಗೆಡ್ಡೆಯೊಡನೆ ಬೆರೆತು, ಎಲ್ಲವೂ ಒಂದೇ ಮುದ್ದೆಯಾಗಿ ಬಾಣಲೆಯ ಬದಿ ಬಿಡುತ್ತದೆ. ಕೂಡಲೆ ಅದನ್ನು ಅಂಗೈಯ ಅರ್ಧ ದಪ್ಪಕ್ಕೆ ಬರುವಂತೆ ಸಮನಾಗಿ ಒತ್ತಿ ಹರಡಿ, ಉರಿಯನ್ನು ಸ್ವಲ್ಪ ಏರಿಸಿ. ಇನ್ನು ಮುಟ್ಟಬಾರದು. ಹೊದಿಕೆ ಕಟ್ಟುವ ಮೊದಲು ಅಡಿಯನ್ನು ಕೆದಕಿದರೆ ಅದು ಹರಿದು ಬಾಣಲೆಗೆ ಕಚ್ಚಿಕೊಳ್ಳುತ್ತದೆ. ಏಳೆಂಟು ನಿಮಿಷ ತಾಳಿದರೆ ಅಂಚು ಕೆಂಪಾಗಿ, ಬಾಣಲೆ ಅಲುಗಿಸಿದಾಗ ರೊಟ್ಟಿ ತಾನಾಗಿ ಜಾರುತ್ತದೆ. ಇದೇ ತಿರುವಿಹಾಕುವ ಹದ.

ಅಂಚಿನಲ್ಲಿ ಜಿಡ್ಡು ತೇಲುತ್ತಿದ್ದರೆ ಅಡಿಗೆ ಕೆಟ್ಟಿತೆಂದು ತಿಳಿಯಬೇಡಿ. ಮಾಗಿದ ಚೀಸ್‌ನಿಂದ ಜಿಡ್ಡು ಬಿಡುವುದು ಸಹಜ. ರೊಟ್ಟಿಯನ್ನು ಮುಚ್ಚಳದಿಂದ ಒತ್ತಿ ಹಿಡಿದು ಆ ಜಿಡ್ಡನ್ನು ಬಟ್ಟಲಿಗೆ ಬಸಿದುಕೊಳ್ಳಿ. ಮರುದಿನ ಪಲ್ಯದ ಒಗ್ಗರಣೆಗೆ ಆಗುತ್ತದೆ. ಬಸಿಯದೆ ತಿರುವಿಹಾಕಲು ಹೋದರೆ ಕಾದ ಜಿಡ್ಡು ಮುಂಗೈ ಮೇಲೆ ಸುರಿಯುವ ಅಪಾಯವುಂಟು. ಬಸಿದ ನಂತರ ಬಾಣಲೆಗಿಂತ ಅಗಲವಾದ ತಟ್ಟೆಯನ್ನು ಬೋರಲು ಮುಚ್ಚಿ, ದಪ್ಪ ಬಟ್ಟೆಯಿಂದ ಎರಡನ್ನೂ ಬಿಗಿಯಾಗಿ ಹಿಡಿದು ತಲೆಕೆಳಗು ಮಾಡಿ. ತಟ್ಟೆಗೆ ಬಂದ ರೊಟ್ಟಿಯನ್ನು ಮತ್ತೆ ಬಾಣಲೆಗೆ ಜಾರಿಸಿ ಇನ್ನೊಂದು ಮೈಯನ್ನೂ ಐದಾರು ನಿಮಿಷ ಕಾಯಿಸಿ ಇಳಿಸಿ. ಎರಡು ಮೂರು ನಿಮಿಷ ಆರಲು ಬಿಟ್ಟು ಹೋಳು ಮಾಡಬೇಕು. ಬಿಸಿಯಲ್ಲೇ ಕತ್ತರಿಸಿದರೆ ಒಳಗಿನ ಚೀಸ್ ಹರಿದುಹೋಗುತ್ತದೆ.

ಕೆಲವು ಮನೆಗಳಲ್ಲಿ ಆಲೂಗೆಡ್ಡೆಯನ್ನು ಮೊದಲೇ ಬೇಯಿಸಿ ಹಿಸುಕಿ ಹಾಕುವುದುಂಟು. ಕೆಲಸ ಬೇಗ ಆಗುತ್ತದೆ, ಆದರೆ ತಿರುಳು ಮುದ್ದೆಮುದ್ದೆಯಾಗುತ್ತದೆ.

ಖರ್ಚು ಮತ್ತು ಪೋಷಕಾಂಶ

ಒಂದು ಕಿಲೊ ಚೀಸ್‌ಗೆ ಸುಮಾರು 10 ಲೀಟರು ಹಾಲು ಬೇಕು. ಆ ಲೆಕ್ಕದಲ್ಲಿ ಈ ಒಂದು ರೊಟ್ಟಿಯಲ್ಲಿ ಮೂರೂವರೆ ಲೀಟರು ಹಾಲು ಅಡಗಿದೆ. ಫ್ರಿಯೂಲಿಯಲ್ಲಿ ಇದು ಬಡವರ ಅಡಿಗೆಯಾದದ್ದು ಚೂರುಗಳು ಪುಕ್ಕಟೆ ಸಿಗುತ್ತಿದ್ದುದರಿಂದ. ಅಂಗಡಿಯಿಂದ ಚೀಸ್ ಕೊಂಡು ಮಾಡುವವರಿಗೆ ಇದು ಅಗ್ಗದ ತಿನಿಸಲ್ಲ, ಅಪರೂಪಕ್ಕೊಮ್ಮೆ ಮಾಡಬಹುದಾದದ್ದು. ಚೀಸ್ ತಯಾರಿಸುವ ಡೇರಿ ಹತ್ತಿರದಲ್ಲಿದ್ದರೆ, ಕತ್ತರಿಸಿ ಉಳಿದ ಅಂಚುಗಳನ್ನು ಕಡಿಮೆ ದರಕ್ಕೆ ಕೊಡುವರೇ ಎಂದು ವಿಚಾರಿಸುವುದರಲ್ಲಿ ತಪ್ಪೇನಿಲ್ಲ.

ನಾಲ್ಕು ಪಾಲು ಮಾಡಿದರೆ ಒಂದು ಪಾಲಿನಲ್ಲಿ ಸುಮಾರು 450 ಕ್ಯಾಲೊರಿ ಶಕ್ತಿ, 24 ಗ್ರಾಂ ಸಸಾರಜನಕ ಮತ್ತು ಜಿಡ್ಡು ಬಸಿಯದಿದ್ದರೆ 30 ಗ್ರಾಂನಷ್ಟು ಜಿಡ್ಡು ಇರುತ್ತದೆ. ಮೈಮುರಿದು ದುಡಿಯುವವರಿಗೂ ಬೆಳೆಯುವ ಮಕ್ಕಳಿಗೂ ಇದು ಒಳ್ಳೆಯದು. ರಕ್ತದ ಒತ್ತಡ, ಹೃದಯದ ತೊಂದರೆ ಇರುವವರು ಚಿಕ್ಕ ಹೋಳಿಗೆ ತೃಪ್ತಿಪಡಬೇಕು. ಜೊತೆಗೆ ಸೌತೆಕಾಯಿ, ಮೂಲಂಗಿ ಅಥವಾ ಸೊಪ್ಪಿನ ಕೋಸಂಬರಿ ಇದ್ದರೆ ಜಿಡ್ಡಿನ ಭಾರ ತಿಳಿಯುವುದಿಲ್ಲ. ಫ್ರಿಯೂಲಿಯವರು ಮುಸುಕಿನ ಜೋಳದ ಪೊಲೆಂತದೊಡನೆ ತಿನ್ನುವಂತೆ ನಾವು ಜೋಳದ ರೊಟ್ಟಿಯೊಡನೆ ತಿನ್ನಬಹುದು.

ಉಳಿದ ಫ್ರಿಕೊವನ್ನು ತಂಪು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಎರಡು ದಿನ ಕೆಡುವುದಿಲ್ಲ. ಮತ್ತೆ ಬಿಸಿ ಮಾಡುವಾಗ ಎಣ್ಣೆ ಹಾಕದೆ, ಬರಿಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮೈ ಕಾಯಿಸಬೇಕು. ಬುತ್ತಿಗೆ ಕಟ್ಟುವುದಾದರೆ ಪೂರ್ತಿ ಆರಿದ ಮೇಲೆ ಕಟ್ಟಿ. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಬೆವರಿ ಮೇಲಿನ ಗರಿ ಮೆತ್ತಗಾಗುತ್ತದೆ.